ಸೂರಿನ ಹಗ್ಗ

“ನಾನು ಯಾವಾಗ ಇಷ್ಟು ಭಾರ ಆದೆ?”

ಉಪದೇಶಿ ಇದನ್ನು ಗಟ್ಟಿಯಾಗಿಯೇ ಕೇಳಿದ. ಸಾಮಾನಿನ ಶೆಡ್ಡಿನಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಮೂಟೆ, ಡಬ್ಬ, ತಗಡು ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಂತು ಬಗ್ಗಿದರೆ ಮುಳ್ಳು ಹೊಟ್ಟೆಯ ಆಚೆ ಎಲ್ಲೋ ಇತ್ತು. ಕಾಣಬೇಕಾದರೆ ಉಸಿರನ್ನು ಒಳಗೆಳೆದುಕೊಳ್ಳಬೇಕಿತ್ತು. ಬೂಟು ಬಿಚ್ಚಿದ. ಜೇಬಿನಿಂದ ಬೀಗದ ಕೈ, ಕನ್ನಡಕದ ಗೂಡು, ಕರವಸ್ತ್ರ ತೆಗೆದು ಪಕ್ಕದ ಮೂಟೆಯ ಮೇಲಿಟ್ಟ. ಎದೆಯ ಜೇಬಿನಲ್ಲಿದ್ದ ಪುಟ್ಟ ವೇದಪುಸ್ತಕವನ್ನೂ ತೆಗೆದಿಟ್ಟ. ಮುಳ್ಳು ಒಂದು ಕೂದಲಿನಷ್ಟು ಹಿಂದೆ ಸರಿಯಿತು. ಸರಿದದ್ದು ಕಂಡು ಸಂತೋಷವಾಯಿತು; ಸಂತೋಷವಾದದ್ದು ತಿಳಿದು ನಾಚಿಕೆಯಾಯಿತು. ದೇವರ ಮಾತನ್ನು ಕೆಳಗಿಟ್ಟು ಹಗುರಾಗುವ ಸೇವಕ ಎಂಥವನು ಎಂದುಕೊಂಡು ಪುಸ್ತಕವನ್ನು ಮತ್ತೆ ಎದೆಗೆ ಸೇರಿಸಿದ. ಮುಳ್ಳು ಮರಳಿ ತನ್ನ ಜಾಗಕ್ಕೆ ಬಂದು ನಿಂತಿತು. ಅದಕ್ಕೆ ದಾಕ್ಷಿಣ್ಯವೇ ಇರಲಿಲ್ಲ. ಹೋದ ವಾರ ಮಿಷನ್ನಿನ ಹೆಲಿಕಾಪ್ಟರಿನ ಪೈಲಟ್ ಫೋನಿನಲ್ಲಿ ತೂಕ ಕೇಳಿದಾಗ ಇವನು ಹೇಳಿದ್ದು ತನ್ನ ಮದುವೆಯ ಕಾಲದ ತೂಕವನ್ನು. ಸುಳ್ಳಲ್ಲ, ಬೇರೊಂದು ಕಾಲದ ನಿಜ ಎಂದು ಆಗ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

“ಏನ್ ಉಪದೇಶಿಗಳೇ, ಫೋನಲ್ಲಿ ಮಾತಾಡಿದ್ರಲ್ಲ, ಆ ಸಣ್ಣ ಮನುಷ್ಯ ಬರ್ಲಿಲ್ವಾ ಇವತ್ತು?” ಪೈಲಟ್ ಬಾಗಿಲಲ್ಲಿ ನಿಂತು ನಗುತ್ತಿದ್ದ.

“ತಕ್ಕಡಿ ಸ್ವಲ್ಪ ಹಳೇದು ಅನ್ಸುತ್ತೆ.”

“ಹಳೇದೇ. ಅದಕ್ಕೇ ಮುಲಾಜಿಲ್ಲ ಅದಕ್ಕೆ. ಇಳೀರಿ, ನಿಮ್ಮ ಹೆಸರಲ್ಲಿ ಎರಡು ತಗಡು ಕಮ್ಮಿ ಮಾಡ್ತೀನಿ.”

“ದೊಡ್ಡಯ್ಯನವರನ್ನ, ದಾನಿಯಮ್ಮನವರನ್ನ ತೂಗಿದ್ರಾ?”

“ಅವರನ್ನ ತೂಗೋದುಂಟೇ? ಅವರೆಲ್ಲ ಕಣ್ಣಳತೆ. ಗೌರವ ಜಾಸ್ತಿ ಇದ್ದಷ್ಟೂ ನಾನು ಮನಸ್ಸಲ್ಲೇ ಒಂದು ಮೂಟೆ ಸೇರಿಸ್ಕೊಂಡು ಹಾರಿಸ್ತೀನಿ.”

ಉಪದೇಶಿ ಬೂಟಿನ ದಾರ ಕಟ್ಟಲು ಬಗ್ಗಿದ. ಮಂಡಿಗಳು ಎಂದಿನಂತೆ ಸಣ್ಣಗೆ ಗೊಣಗಿದವು. ಈಗಲೇ ಹೇಳಿಬಿಡಬೇಕು, ಪೈಲಟ್‌ಗಾದರೂ ಹೇಳಬೇಕು, ಬರುವಾಗ ಒಬ್ಬಳನ್ನು ಕರೆತರಬೇಕಿದೆ ಎಂದು. ಬೆಟ್ಟದ ಮೇಲಿನ ಪ್ರಾರ್ಥನಾ ಮಂದಿರದಲ್ಲಿ ಗಂಟೆ ಬಾರಿಸುವ ಹೆಂಗಸನ್ನು ಎಲ್ಲರೂ ಗಂಟೆಯಮ್ಮ ಎನ್ನುತ್ತಿದ್ದರು. ಅವಳ ಸೊಸೆ ತುಂಬು ಬಸುರಿ. ವೈರ್‌ಲೆಸ್ಸಿನ ಕರಕರದ ನಡುವೆ ಗಂಟೆಯಮ್ಮ ಹೇಳಿದ್ದಳು: ಕಾಲು ಬಾತಿವೆ, ತಲೆನೋವು ಬಿಡ್ತಿಲ್ಲ, ಕಣ್ಣು ಮಂಜಾಗ್ತಿದೆ ಅಂತಾಳೆ. ಕೆಳಗಿನ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದರೆ, ಒಂದು ಹೆಜ್ಜೆಯೂ ನಡೆಸಬೇಡಿ, ಮಲಗಿಸಿಕೊಂಡು ತನ್ನಿ, ಈ ಸಲವೇ ತನ್ನಿ, ತಡಮಾಡಿದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದಿದ್ದಳು. ಇವನು ವೈರ್‌ಲೆಸ್ಸಿನಲ್ಲಿ “ಕರ್ಕೊಂಡು ಬರ್ತೀವಿ” ಎಂದಿದ್ದ. ‘ಬರ್ತೀನಿ’ ಎನ್ನಲು ಬಾಯಿ ಬಂದಿರಲಿಲ್ಲ. ‘ಬರ್ತೀವಿ’ ಎಂದರೆ ಮಾತಿನ ಹೊರೆಯನ್ನು ಇನ್ನೂ ಯಾರೋ ನಾಲ್ಕು ಜನ ಹೊತ್ತಂತಾಗುತ್ತದೆ. ಆ ನಾಲ್ಕು ಜನಕ್ಕೆ ಅದು ಗೊತ್ತಿಲ್ಲದಿದ್ದರೂ.

ಗೊತ್ತು ಮಾಡಿಸಲು ಪ್ರಯತ್ನಿಸಿರಲಿಲ್ಲವೆಂದಲ್ಲ. ಮಿಷನ್ನಿನ ಹಿರಿಯ ಪಾದ್ರಿ ದೊಡ್ಡಯ್ಯನವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅರ್ಧ ಬೆಳಿಗ್ಗೆ ಕೂತು, ಒಳಗೆ ಹೋದಾಗ ಅವರು ಹೆಲಿಕಾಪ್ಟರಿನ ಎರಡು ಚಿತ್ರಗಳನ್ನು ಎರಡು ಕೈಯಲ್ಲಿ ಹಿಡಿದು, ಹಿನ್ನೆಲೆಯಲ್ಲಿ ಮೋಡವಿದ್ದರೆ ಚೆನ್ನೋ ಬೆಟ್ಟವಿದ್ದರೆ ಚೆನ್ನೋ ಎಂದು ಇವನನ್ನೇ ಕೇಳಿದ್ದರು. ಮೋಡ ಎಂದಿದ್ದ. ಅವರು ಬೆಟ್ಟದ ಚಿತ್ರವನ್ನು ಆರಿಸಿದರು. ಆಮೇಲೆ ಸೊಸೆಯ ವಿಷಯ ತೆಗೆದಾಗ, “ನೋಡೋಣ ನೋಡೋಣ. ದೇವರು ದಾರಿ ತೋರಿಸ್ತಾನೆ,” ಎಂದಿದ್ದರು. ಸೀಟು ಹಂಚುವ ಕೆಲಸವನ್ನು ದೇವರಿಗೇ ವಹಿಸಿಕೊಟ್ಟಂತಾಗಿ ಇವನು ಹಗುರಾಗಿ ಹೊರಬಂದಿದ್ದ. ಆ ಹಗುರವನ್ನು ಈ ತಕ್ಕಡಿ ಗಣನೆಗೇ ತೆಗೆದುಕೊಂಡಿಲ್ಲ. ದಾರ ಕಟ್ಟಿ ತಲೆಯೆತ್ತುವಷ್ಟರಲ್ಲಿ ಪೈಲಟ್ ಹೊರಟುಹೋಗಿದ್ದ.

ಬಯಲಿನಲ್ಲಿ ಹೆಲಿಕಾಪ್ಟರು ತೊಳೆದ ಪಾತ್ರೆಯಂತೆ ಹೊಳೆಯುತ್ತಿತ್ತು. ದಾನಿಯಮ್ಮ ಅದರ ಕೆನ್ನೆ ಸವರಿದರು. ಅದರ ಖರ್ಚಿನ ಬಹುಪಾಲು ಅವರದೇ. ಇನ್ನು ಮುಂದೆಯೂ ಅವರದೇ ಆಗಲಿ ಎಂಬುದೇ ಇವತ್ತಿನ ಪ್ರಯಾಣದ ಉದ್ದೇಶ. ಸಭ್ಯರು, ಮೃದುಮಾತಿನವರು, ಎಲ್ಲರ ಆರೋಗ್ಯ ವಿಚಾರಿಸುವವರು. ಫೋಟೋದವನು ಅವರನ್ನು ಬಾಗಿಲ ಬಳಿ ನಿಲ್ಲಿಸಿ, ಮುಖವನ್ನು ಬೆಟ್ಟದ ಕಡೆಗೆ ತಿರುಗಿಸಿ, “ಕರುಣೆ ಸ್ವಲ್ಪ ಜಾಸ್ತಿ ಬರ್ಲಿ ಮೇಡಂ,” ಎಂದ. ಅವರು ಪಾಪ, ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಉಪದೇಶಿಯ ಹೆಂಡತಿ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, “ಆಕಾಶದಲ್ಲಿ ಜೋಪಾನ. ಆ ದೊಡ್ಡೋರ ಮುಂದೆ ಬಾಯಿ ಬಿಡದೆ ಕೂತ್ಕೋಬೇಡಿ, ಬಾಯಿಗೆ ಬಿಸಿ ತುಪ್ಪ ಬಿದ್ದೋರ ಹಾಗೆ,” ಎಂದಿದ್ದಳು. ಬಾಯಿ ಬಿಡಬೇಕು ಎಂದುಕೊಂಡೇ ಬಂದಿದ್ದ. ಆದರೆ ಯಂತ್ರ ಶುರುವಾದ ಮೇಲೆ ಯಾರ ಬಾಯಿಗೂ ಬೆಲೆಯಿರಲಿಲ್ಲ. ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಇವನದರಲ್ಲಿ ಮಾತಾಡುವ ತಂತಿ ಕಿತ್ತುಹೋಗಿತ್ತು, ಕೇಳಿಸುತ್ತಿತ್ತು, ಹೇಳುವಂತಿರಲಿಲ್ಲ. ಇದು ತನಗೇ ಸರಿಯಾಗಿ ಹೊಲಿಸಿದ ಅಂಗಿ ಎನ್ನಿಸಿತು.

ನೆಲ ಕಳಚಿಕೊಂಡಿತು. ರೆಕ್ಕೆಯ ಬಡಿತ ಮೊದಲು ಬರೀ ಗದ್ದಲವಾಗಿತ್ತು; ಆಮೇಲೆ ಒಳಗೆಲ್ಲೋ ಗಣ ಬಿಡಿಸಿಕೊಂಡು ಪದ್ಯದ ಹಾಗೆ ಕೇಳತೊಡಗಿತು. ಅಜ್ಜ ಸಂಜೆ ಹೊತ್ತು ಕಣ್ಣು ಮುಚ್ಚಿ ಕೀರ್ತನೆಗಳನ್ನು ಓದುತ್ತಿದ್ದ. ಪುಸ್ತಕ ತೊಡೆಯ ಮೇಲಿರುತ್ತಿತ್ತು, ಹಾಳೆ ಮಾತ್ರ ತಿರುಗುತ್ತಿರಲಿಲ್ಲ. ಅರ್ಥ ತಿಳಿಯುವ ಮೊದಲೇ ಆ ನಡೆ ಇವನ ಕಾಲಿಗೆ ಇಳಿದಿತ್ತು. ಈ ಬೆಟ್ಟವನ್ನು ಇಷ್ಟು ವರ್ಷ ಹತ್ತಿದ್ದು ಅದೇ ನಡೆಯಲ್ಲಿ, ಒಂದು ಸಾಲಿಗೆ ಇಷ್ಟು ಹೆಜ್ಜೆ, ಉಸಿರು ನಿಂತಲ್ಲಿ ಪಾದ ಮುಗಿಯಬೇಕು. ಈಗ ಅದೇ ದಾರಿ ಕೆಳಗೆ ಬಿದ್ದ ನೂಲಿನಂತೆ ಕಾಣುತ್ತಿತ್ತು. ಅಲ್ಲೊಂದು ಮನೆ, ಆಗೆಲ್ಲ ಇವನು ಅದರ ಕಟ್ಟೆಯ ಮೇಲೆ ಕೂತು, ಮಗನ ಮೇಲೆ ಮುನಿಸಿಕೊಂಡ ಒಬ್ಬ ಮುದುಕನ ಮಾತು ಮುಗಿಯುವುದನ್ನೇ ಕಾಯುತ್ತಿದ್ದ. ಉಪದೇಶ ಮಾಡಲು ಹೋದವನು ಮಾಡಿದ್ದೆಲ್ಲ ಕೇಳುವುದನ್ನೇ. ಹತ್ತಿ ಇಳಿಯುವುದರೊಳಗೆ ಹತ್ತು ಮನೆಯ ಸಂಕಟ ಕಿವಿಯಲ್ಲಿ ತುಂಬಿರುತ್ತಿತ್ತು. ಈಗ ಆ ಮನೆಗಳೆಲ್ಲ ಬರೀ ಮುಚ್ಚಳ. ಮುದುಕ ಇದ್ದಾನೋ ಇಲ್ಲವೋ. ಹೆಲಿಕಾಪ್ಟರು ಬಂದ ಮೇಲೆ ಸೇವೆಗೆ ವೇಗ ಬಂದಿದೆ ಎಂದು ದೊಡ್ಡಯ್ಯನವರ ದನಿ ಕಿವಿಯಲ್ಲಿ ದಾನಿಯಮ್ಮನಿಗೆ ಹೇಳುತ್ತಿತ್ತು. “ಮೊದಲು ಇಲ್ಲೆಲ್ಲ ನಿಂತೂ ನಿಂತೂ ಹೋಗ್ಬೇಕಿತ್ತು ಮೇಡಂ. ಈಗ ಎಲ್ಲೂ ನಿಲ್ಲೋ ಹಾಗೇ ಇಲ್ಲ.”

“ಹಿಂದೆ ಕಟ್ಟಿಟ್ಟಿರೋದು ಏನು?” ದಾನಿಯಮ್ಮ ಕೇಳಿದರು.

“ತಗಡು, ಮಂದಿರದ ಸೂರಿಗೆ. ಬೆಟ್ಟದಲ್ಲಿ ಕಟ್ಟೋ ಕೆಲಸ ನಿಂತೇ ಇಲ್ಲ ನೋಡಿ. ಪ್ರತಿ ಸಲವೂ ತಗಡು ಒಯ್ತೀವಿ.”

“ಅಬ್ಬಾ! ಎಷ್ಟು ದೊಡ್ಡದಾಗ್ತಿರಬೇಕು ಮಂದಿರ!”

ಪೈಲಟ್ ಕೆಮ್ಮಿದ. ಉಪದೇಶಿ ಕಿಟಕಿಯ ಕಡೆ ತಿರುಗಿದ. ಮಂದಿರ ಇದ್ದಷ್ಟೇ ಇತ್ತು. ಹೆಲಿಕಾಪ್ಟರು ಇಳಿಯಲು ಕೆಳಗೆ ಒಳ್ಳೆಯ ಹುಲ್ಲುಗಾವಲೊಂದಿತ್ತು. ಪೈಲಟ್ ಅದನ್ನೇ ತೋರಿಸಿದ್ದ. ಆದರೆ ಅಲ್ಲಿ ಇಳಿದರೆ ಮಂದಿರವೂ ಹೆಲಿಕಾಪ್ಟರೂ ಒಂದೇ ಚಿತ್ರದಲ್ಲಿ ಬರುವುದಿಲ್ಲವೆಂದು ಫೋಟೋದವನು, ಬರಲೇಬೇಕೆಂದು ದೊಡ್ಡಯ್ಯನವರು. ಮಂದಿರದ ಮಗ್ಗುಲಲ್ಲೇ ಬಂಡೆ ಒಡೆದು ಸಪಾಟು ಮಾಡಿದರು. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ತಲೆಯಾಡಿಸಿದ ತಲೆಗಳಲ್ಲಿ ತನ್ನದೂ ಒಂದು. ಮೊದಲ ಸಲ ಇಳಿದಾಗಲೇ ರೆಕ್ಕೆಯ ಗಾಳಿಗೆ ಸೂರಿನ ತಗಡುಗಳು ಹಪ್ಪಳದಂತೆ ಎದ್ದು ಕಣಿವೆಗೆ ಹಾರಿದವು. ಎರಡನೆಯ ಸಲ ತಗಡು ತಂದು ಇಳಿಯುವಾಗ ಉಳಿದವು ಹಾರಿದವು. ಆಮೇಲೆ ಅದೊಂದು ಕ್ರಮವೇ ಆಗಿಹೋಯಿತು. ಸೂರು ಹೊದಿಸಲು ತಗಡು ತರಬೇಕು, ತಗಡು ತರಲು ಹಾರಿ ಬರಬೇಕು, ಬಂದರೆ ಸೂರು ಹೋಗಬೇಕು. ಔಷಧಿಯ ಪೆಟ್ಟಿಗೆಗೆ ಜಾಗ ಉಳಿದರೆ ಉಳಿಯಿತು. ಕೊನೆಗೆ ಗಂಟೆಯಮ್ಮನೇ ಉಪಾಯ ತೆಗೆದಳು: ಸೂರಿನ ತಗಡುಗಳ ಮೇಲಿಂದ ಹಗ್ಗ ಹಾಯಿಸಿ ಎರಡೂ ಕಡೆ ಇಳಿಬಿಟ್ಟರು. ದೂರದಲ್ಲಿ ಬಡಿತ ಕೇಳಿದೊಡನೆ ಅವಳು ಗಂಟೆ ಬಾರಿಸಬೇಕು. ಹೊಲ, ಒಲೆ, ಕೊಟ್ಟಿಗೆ ಎಲ್ಲವನ್ನೂ ಬಿಟ್ಟು ಊರೇ ಓಡಿಬಂದು ಹಗ್ಗಕ್ಕೆ ಜೋತುಬೀಳಬೇಕು; ಆಗ ಸೂರು ಹಾರುವುದಿಲ್ಲ, ನಾಲ್ಕಾರು ತಗಡು ಸೀಳುವುದಷ್ಟೇ. ಪ್ರಾರ್ಥನೆಗೆ ಗಂಟೆ ಹೊಡೆದರೆ ಬಾರದವರೂ ಇದಕ್ಕೆ ಬರುತ್ತಿದ್ದರು.

ಬೆಟ್ಟದ ತಲೆ ಕಾಣಿಸಿತು. ಮಂದಿರದ ಎರಡೂ ಬದಿಗೆ ಜನ ಸಾಲಾಗಿ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ, ಮುಖವನ್ನು ಮುಗಿಲಿಗೆ ಎತ್ತಿದ್ದರು. ಗಾಳಿಗೆ ಕಣ್ಣು ಮುಚ್ಚಿದ್ದವು, ಹಲ್ಲು ಕಚ್ಚಿದ್ದವು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಮಣ್ಣಿನ ಬಣ್ಣದ ಹಗ್ಗ ಮಾತ್ರ ಎದ್ದ ಧೂಳಿನಲ್ಲಿ ಬೆರೆತು ಕಾಣುತ್ತಿರಲಿಲ್ಲ.

“ಅಯ್ಯೋ, ಕೈ ಎತ್ತಿ ಸ್ತುತಿಸ್ತಿದ್ದಾರೆ!” ಎಂದರು ದಾನಿಯಮ್ಮ. ಅವರು ನಿಜಕ್ಕೂ ಅತ್ತರು. “ಇಂಥ ಭಕ್ತಿ ನಾನು ಎಲ್ಲೂ ನೋಡಿಲ್ಲ.”

“ತಗೊಂಡೆ, ತಗೊಂಡೆ,” ಎಂದ ಫೋಟೋದವನು.

ಉಪದೇಶಿ ಬಾಯಿ ತೆರೆದ. ತಂತಿ ಕಿತ್ತ ಮುಚ್ಚಳದೊಳಗೆ ಅವನ ಮಾತು ಅವನಿಗೇ ಕೇಳಿಸಲಿಲ್ಲ. ಆಮೇಲೆ, ನೆಲಕ್ಕೆ ತಾಗಿ ಸದ್ದು ನಿಂತ ಮೇಲೆ, ಹೇಳಬಹುದಿತ್ತು. ಆಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುತ್ತಿರುವವರಿಗೆ ನಿಜ ಹೇಳುವುದು ಒರಟುತನ ಎನ್ನಿಸಿತು. ಒರಟುತನಕ್ಕೆ ಹೆದರಿ ಹೆದರಿಯೇ ತಾನು ಇಷ್ಟು ಸಜ್ಜನನಾದದ್ದು ಎಂಬುದೂ ಅದೇ ಗಳಿಗೆಯಲ್ಲಿ ಹೊಳೆದು, ಅದನ್ನು ಮುಂದಕ್ಕೆ ಯೋಚಿಸಲು ಹೋಗಲಿಲ್ಲ.

ಜನ ಹಗ್ಗ ಬಿಟ್ಟು ಅಂಗೈ ಉಜ್ಜಿಕೊಂಡರು. ಎಲ್ಲರ ಅಂಗೈಯಲ್ಲೂ ಒಂದೇ ರೀತಿಯ ಕೆಂಪು ಗೆರೆ. ದೊಡ್ಡಯ್ಯನವರು ಸಾಲಾಗಿ ಕೈಕುಲುಕುತ್ತ, “ದುಡಿದ ಕೈಗಳು! ನೋಡಿ ಮೇಡಂ, ದುಡಿದ ಕೈಗಳು!” ಎಂದರು. ಗಂಟೆಯಮ್ಮ ಕೈ ಕೊಡಲಿಲ್ಲ; ಕೈ ಖಾಲಿ ಇರಲಿಲ್ಲ. ಮಂದಿರದ ಜಗುಲಿಯ ಮೇಲೆ ಹಾಸಿದ ಕಂಬಳಿಯಲ್ಲಿ ಸೊಸೆ ಎಡಮಗ್ಗುಲಾಗಿ ಮಲಗಿದ್ದಳು; ಅವಳ ಕಣ್ಣಿನ ಮೇಲಿದ್ದ ಒದ್ದೆಬಟ್ಟೆಯನ್ನು ಅತ್ತೆ ಮಗುಚಿ ಹಾಕುತ್ತಿದ್ದಳು. ಸೊಸೆಯ ಪಾದಗಳು ಕಂಬಳಿಯಿಂದ ಹೊರಗಿದ್ದವು. ಅಷ್ಟು ಊದಿದ ಪಾದಗಳನ್ನು ಉಪದೇಶಿ ನೋಡಿರಲಿಲ್ಲ. ಬೆರಳುಗಳು ಬೇರೆ ಯಾರದೋ ಎಂಬಂತೆ ಅಂಟಿಕೊಂಡಿದ್ದವು.

“ಬಂದ್ರಾ?” ಎಂದಳು ಗಂಟೆಯಮ್ಮ, ತಲೆಯೆತ್ತದೆ. “ಗಂಟು ಕಟ್ಟಿಟ್ಟಿದ್ದೀನಿ. ಹೇಳಿದ್ದೀರ ತಾನೇ ಅವರಿಗೆ?”

“ಹೇಳಿದ್ದೀನಿ.”

“ಏನಂದ್ರು?”

“ನೋಡೋಣ ಅಂದ್ರು.”

ಅವಳು ಈಗ ತಲೆಯೆತ್ತಿದಳು. “ನೋಡೋಕೆ ಏನಿದೆ ಉಪದೇಶಿಗಳೇ? ಇಲ್ಲೇ ಮಲಗಿದ್ದಾಳಲ್ಲ, ನೋಡ್ಲಿ.”

ನೋಡಿದರು. ದಾನಿಯಮ್ಮ ಪಕ್ಕದಲ್ಲಿ ಮಂಡಿಯೂರಿ ಸೊಸೆಯ ಹಣೆ ಮುಟ್ಟಿದರು, ಫೋಟೋದವನು ಎರಡು ದಿಕ್ಕಿನಿಂದ ತೆಗೆದ, ದೊಡ್ಡಯ್ಯನವರು ಹುಟ್ಟಲಿರುವ ಕೂಸಿಗಾಗಿ ದೀರ್ಘ ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಚೆನ್ನಾಗಿತ್ತು. ಅದರಲ್ಲಿ ಮೋಡವಿತ್ತು, ಹದ್ದಿನ ರೆಕ್ಕೆಯಿತ್ತು, ದೂರದವರನ್ನು ಹತ್ತಿರ ತರುವ ಕೈಯಿತ್ತು. ಆಮೇಲೆ ಭಾಷಣ; ಆಮೇಲೆ ತಗಡು ಒಪ್ಪಿಸುವ ಕಾರ್ಯಕ್ರಮ, ಒಂದೇ ತಗಡನ್ನು ಬೆಳಕು ಸರಿಬೀಳುವವರೆಗೆ ಮತ್ತೆ ಮತ್ತೆ ಒಪ್ಪಿಸಿದರು. ಪೈಲಟ್ ಮಾತ್ರ ಕತ್ತೆತ್ತಿ ಆಕಾಶವನ್ನೇ ನೋಡುತ್ತಿದ್ದ. ಕಣಿವೆಯಿಂದ ಮೋಡ ಏರುತ್ತಿತ್ತು.

“ಹೊರಡ್ಬೇಕು,” ಎಂದ. “ಮುಚ್ಕೊಂಡ್ರೆ ಇವತ್ತು ಆಗಲ್ಲ. ನಾಳೆಯಿಂದ ಯಂತ್ರ ರಿಪೇರಿಗೆ, ಮತ್ತೆ ಬರೋದು ಮುಂದಿನ ತಿಂಗಳೇ. ಆ ಹೆಣ್ಣುಮಗಳು ಬರೋದಾದ್ರೆ ಇಬ್ಬರು ಇಳೀಬೇಕು. ಅವಳು ಮಲಗೇ ಬರ್ಬೇಕು, ತಗಡಿಟ್ಟ ಸಂದೀಲಿ ಆಗಲ್ಲ, ಎರಡು ಸೀಟು ಬೇಕು. ಈ ಎತ್ತರದ ಗಾಳಿ ತೆಳು, ಜಾಸ್ತಿ ಹೊರಲ್ಲ. ಯಾರು ಉಳೀತೀರಿ?”

ಎಲ್ಲರೂ ಒಬ್ಬರನ್ನೊಬ್ಬರು ಬಹಳ ಪ್ರೀತಿಯಿಂದ ನೋಡಿಕೊಂಡರು. ದಾನಿಯಮ್ಮನಿಗೆ ಸಕ್ಕರೆ ಕಾಯಿಲೆ, ಮಾತ್ರೆ ಕೆಳಗಿದೆ. ಇದು ನಿಜ, ಅವರು ಅದನ್ನು ಹೇಳುವಾಗ ಕಣ್ಣು ತುಂಬಿಕೊಂಡಿತು. ಫೋಟೋದವನು ಕ್ಯಾಮೆರಾವನ್ನು ಎದೆಗೊತ್ತಿಕೊಂಡ: “ನಾನು ಉಳಿದ್ರೆ ಇವೆಲ್ಲ ಉಳಿದುಹೋಗುತ್ತೆ ಸಾರ್, ಈ ಸೇವೆ ಯಾರಿಗೂ ಗೊತ್ತೇ ಆಗಲ್ಲ.” ದೊಡ್ಡಯ್ಯನವರು, ತಾವು ಉಳಿಯುವ ಪ್ರಶ್ನೆಯೇ ಯಾರ ಮನಸ್ಸಿಗೂ ಬಂದಿಲ್ಲವೆಂಬಂತೆ ಆಕಾಶದ ಸ್ಥಿತಿಯನ್ನು ಪರಿಶೀಲಿಸಿದರು. ಉಪದೇಶಿಗೆ ಮೊದಲು ಕಂಡದ್ದು ತನ್ನ ಮನೆಯ ಹಾಸಿಗೆ. ಕಾಲಿನ ಕಡೆ ಇಟ್ಟ ಬಿಸಿನೀರಿನ ಚೀಲ. ಆಮೇಲೆ ಇಲ್ಲಿನ ಕೋಣೆ, ಮಂದಿರದ ಹಿಂಬದಿಯದು, ಅದೇ ಸೂರಿನ ಕೆಳಗೆ. ರಾತ್ರಿಯಿಡೀ ಮುಖಕ್ಕೆ ತೊಟ್ಟಿಕ್ಕುವ ನೀರು. ಒಂದು ಕಾಲದಲ್ಲಿ ಅಲ್ಲೇ ಇಡೀ ಮಳೆಗಾಲ ಕಳೆದಿದ್ದವನು ತಾನು. ಆ ಸೊಸೆಯ ಪಾದವನ್ನು ನೋಡಿದ ಮೇಲೂ ಮೊದಲು ನೆನಪಾದದ್ದು ಬಿಸಿನೀರಿನ ಚೀಲ. ಇದು ತಿಳಿದ ಮೇಲೆ ಬಾಯಿ ತಾನಾಗಿಯೇ ತೆರೆಯಿತು.

“ನಾನು ಉಳೀತೀನಿ.”

“ಆಹಾ!” ದೊಡ್ಡಯ್ಯನವರು ಇವನನ್ನು ಅಪ್ಪಿಕೊಂಡರು. “ಇದು ತ್ಯಾಗ! ಮೇಡಂ, ಇದನ್ನೇ ನಾನು ಹೇಳೋದು, ನಮ್ಮ ಉಪದೇಶಿಗಳು ಎಂಥೋರು ಅಂತ! ತಗೊಂಡ್ಯಾ?” ಫೋಟೋದವನು ತಗೊಂಡಿದ್ದ. ಅಪ್ಪುಗೆ ಸ್ವಲ್ಪ ದೀರ್ಘವಾಗಿಯೇ ನಡೆಯಿತು. ಉಪದೇಶಿಗೆ ಎದೆ ಉಬ್ಬಿ ಬಂತು, ತಡೆದರೂ ಬಂತು.

“ಇನ್ನೊಬ್ಬರು?” ಎಂದ ಪೈಲಟ್.

ಮೋಡದ ಮೊದಲ ಎಳೆ ಮಂದಿರದ ಮೂಲೆಯನ್ನು ಸವರಿ ಹೋಯಿತು. ಅಷ್ಟು ಜನರ ಮೌನ ಪ್ರಾರ್ಥನೆಯ ಹಾಗೇ ಕೇಳಿಸುತ್ತದೆ ಎಂದು ಉಪದೇಶಿಗೆ ಅನ್ನಿಸಿತು.

ದೊಡ್ಡಯ್ಯನವರು ಅಪ್ಪುಗೆ ಸಡಿಲಿಸಿದರು. “ಹಾಗಾದ್ರೆ ಮುಂದಿನ ಸಲ ನೋಡೋಣ. ಉಪದೇಶಿಗಳೇ, ನೀವೂ ಹತ್ತಿಬಿಡಿ ಮತ್ತೆ. ಒಂದು ಸೀಟು ಸುಮ್ಮನೆ ಖಾಲಿ ಹೋಗೋದು ಯಾಕೆ?”

ಮಾತು ಎಷ್ಟು ವಿವೇಕದ್ದಾಗಿತ್ತೆಂದರೆ ಇವನು ಹತ್ತಿ ಕೂತ. ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿದುಕೊಂಡ. ಬಿಗಿದುಕೊಳ್ಳುತ್ತಿದ್ದದ್ದು ತನ್ನದೇ ಕೈ ಎಂಬುದನ್ನು ದೂರದಿಂದೆಂಬಂತೆ ನೋಡಿದ. ತ್ಯಾಗ ಆಗಿಹೋಗಿತ್ತು, ಅದರ ಚಿತ್ರವೂ ಇತ್ತು, ಮಾಡುವುದೊಂದು ಬಾಕಿ. ಪೈಲಟ್ ಗುಂಡಿಯ ಮೇಲೆ ಬೆರಳಿಟ್ಟವನು ಹಾಗೇ ನಿಂತ.

“ಹಗ್ಗ?”

ಎಲ್ಲರೂ ಹೊರಗೆ ನೋಡಿದರು. ಹಗ್ಗಗಳು ಗೋಡೆಯುದ್ದಕ್ಕೂ ಸುಮ್ಮನೆ ಇಳಿಬಿದ್ದಿದ್ದವು. ಜನ ನೆಲದ ಮೇಲೆ ಕೂತಿದ್ದರು. ಜಗುಲಿಯ ಮೆಟ್ಟಿಲ ಮೇಲೆ, ಸೊಸೆಯ ಪಾದಗಳ ಹತ್ತಿರ, ಗಂಟೆಯಮ್ಮ ಕೂತಿದ್ದಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

“ಯಾವ ಹಗ್ಗ?” ದಾನಿಯಮ್ಮ ಕೇಳಿದರು.

“ಸೂರು ಹಾರಿಹೋಗದ ಹಾಗೆ ಹಿಡೀತಾರಲ್ಲ ಮೇಡಂ, ಆ ಹಗ್ಗ,” ಎಂದ ಪೈಲಟ್. “ನಾವು ಬಂದಾಗ ಹಿಡ್ಕೊಂಡಿದ್ರಲ್ಲ, ಕೈ ಮೇಲೆ ಮಾಡ್ಕೊಂಡು. ಅವರು ಹಿಡೀದೆ ನಾನು ಎತ್ತಲ್ಲ. ಒಂದು ತಗಡು ಬಂದು ರೆಕ್ಕೆಗೆ ಬಡಿದ್ರೆ ಮುಗೀತು, ನಮ್ಮ ಚಿತ್ರ ತೆಗೆಯೋಕೆ ಬೇರೆಯವರು ಬರ್ಬೇಕಾಗುತ್ತೆ.”

ದಾನಿಯಮ್ಮ ಆ ಅಂಗೈಗಳ ಕಡೆ ನೋಡಿದರು. ಆಮೇಲೆ ತಮ್ಮ ಕರವಸ್ತ್ರದ ಕಡೆ. ಅವರ ಮುಖದಿಂದ ಏನೋ ಒಂದು ನಿಧಾನವಾಗಿ ಇಳಿದುಹೋಯಿತು.

“ಹೋಗಿ ಹೇಳಿ ಉಪದೇಶಿಗಳೇ,” ಎಂದರು ದೊಡ್ಡಯ್ಯನವರು. “ನಿಮ್ಮ ಮಾತು ಕೇಳ್ತಾರೆ.”

ಪಟ್ಟಿ ಬಿಚ್ಚಿ ಇಳಿದ. ಹೆಲಿಕಾಪ್ಟರಿನಿಂದ ಜಗುಲಿಗೆ ಇರುವ ಜಾಗ ಫೋಟೋಕ್ಕಾಗಿ ಸಪಾಟು ಮಾಡಿದ್ದು. ನಡೆಯಲು ಏನೂ ಕಷ್ಟವಿರಲಿಲ್ಲ. ಆದರೂ ಕಾಲಿಗೆ ನಡೆ ಸಿಗಲಿಲ್ಲ. ಕೇಳುವುದಕ್ಕೇ ಹುಟ್ಟಿದವನು ಇವತ್ತು ಹೇಳಲು ಹೊರಟಿದ್ದ, ಅದೂ ಇಂಥದನ್ನು. ಮೆಟ್ಟಿಲ ಮುಂದೆ ನಿಂತ. ಕಂಬಳಿಯ ಮೇಲಿಂದ ಸೊಸೆ ತೊದಲಿದಳು, “ಯಾರತ್ತೆ? ಬಂದ್ರಾ?” ಒದ್ದೆಬಟ್ಟೆ ಜಾರಿದ ಕಣ್ಣು ತೆರೆದೇ ಇತ್ತು, ನೇರ ಇವನ ಮೇಲೇ ಇತ್ತು, ಇವನನ್ನು ಕಾಣುತ್ತಿರಲಿಲ್ಲ.

“ನನ್ನ ಜಾಗ ಬಿಟ್ಟುಕೊಡ್ತೀನಿ ಅಂದೆ,” ಎಂದ.

“ಕೇಳಿಸ್ತು,” ಎಂದಳು ಗಂಟೆಯಮ್ಮ. “ನೀವು ಬಿಟ್ಟುಕೊಡೋರೇ. ಯಾರಾದ್ರೂ ಹತ್ತಿ ಅಂದ್ರೆ ಮತ್ತೆ ಹತ್ತೋರೂ ಹೌದು. ಈಗ ಏನು ಹೇಳ್ಬೇಕು ಅಂತ ಕಳಿಸಿದ್ದಾರೆ, ಹೇಳಿ.”

ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. ಎರಡೇ ಶಬ್ದ. ಅವನು ಅವಳ ಅಂಗೈ ನೋಡಿದ, ಪಾದಗಳನ್ನು ನೋಡಿದ, ಮೋಡ ನೋಡಿದ. ನಿಂತೇ ಇದ್ದ. ಗಂಟೆಯಮ್ಮ ಸರಿದು, ಮೆಟ್ಟಿಲ ಮೇಲೆ ಜಾಗ ಮಾಡಿದಳು. ಅವನು ಮಂಡಿಯ ಮೇಲೆ ಕೈಯೂರಿ, ನರಳುತ್ತ, ಕೂತ.

ಹಿಂದಿನಿಂದ ಬೂಟಿನ ಸದ್ದು ಬಂತು. ದೊಡ್ಡಯ್ಯನವರೇ ಇಳಿದು ಬಂದಿದ್ದರು, ಫೋಟೋದವನನ್ನು ಅಲ್ಲೇ ಬಿಟ್ಟು. ಉಪದೇಶಿ ಇದ್ದದ್ದನ್ನು ಅವರು ಗಮನಿಸಲಿಲ್ಲ. ಮೋಡ ಈಗ ಅವರ ಭುಜದವರೆಗೆ ಬಂದಿತ್ತು. ವೇದಿಕೆಯ ಮೇಲಿಂದ ದೂರದ ಕೊನೆಯ ಸಾಲಿಗೂ ಮುಟ್ಟುವ ಆ ದನಿಯನ್ನು ಅವರು ಇಲ್ಲಿ, ಮೂರು ಮೊಳ ದೂರದಲ್ಲಿ, ತಗ್ಗಿಸಿ ತಂದರು.

“ತಾಯೀ, ಹೊತ್ತಾಗ್ತಿದೆ. ನಾನೇ ಕೇಳ್ಕೊಳ್ತಿದ್ದೀನಿ. ಎಲ್ಲರಿಗೂ ಹೇಳಿ, ಹಗ್ಗ ಹಿಡೀಲಿ.”

ಗಂಟೆಯಮ್ಮ ಒದ್ದೆಬಟ್ಟೆಯನ್ನು ಹಿಂಡಿ, ಮಗುಚಿ, ಸೊಸೆಯ ಕಣ್ಣಿನ ಮೇಲೆ ಹಾಕಿದಳು.

“ಹಿಡಿಯಲ್ಲ,” ಎಂದಳು.